ಹಿನ್ನೀರಿನ ಕಾಡಿನಲ್ಲಿ ಯಾರು ಉಳಿದಿದ್ದಾರೆ? ಜಲವಿದ್ಯುತ್ ಅಣೆಕಟ್ಟಿನ ಪರಿಣಾಮ ಅಳೆಯುವ ಕ್ರಮ

ಅಣೆಕಟ್ಟಿನಿಂದ ಕಾಡುಪ್ರಾಣಿಗಳಿಗೆ ಏನಾಯಿತು ಎಂದು ಕೇಳಿದರೆ ಹೆಚ್ಚಿನವರು ಮುಳುಗಡೆಯಾದ ಎಕರೆಗಳ ಲೆಕ್ಕ ಹೇಳುತ್ತಾರೆ. ಆ ಲೆಕ್ಕ ಬೇಕು, ಆದರೆ ಅದು ಮೊದಲ ದಿನದ ಲೆಕ್ಕ ಮಾತ್ರ. ಮಳೆಕಾಡಿನಲ್ಲಿ ದೊಡ್ಡ ನಷ್ಟ ನಡೆಯುವುದು ನೀರು ನಿಂತ ಮೇಲೆ, ಸದ್ದಿಲ್ಲದೆ, ಇಪ್ಪತ್ತು ಮೂವತ್ತು ವರ್ಷಗಳ ಉದ್ದಕ್ಕೂ. ನಡುಗಡ್ಡೆಯಾಗಿ ಉಳಿದ ಗುಡ್ಡದ ನೆತ್ತಿಯಲ್ಲಿ, ದಿನಕ್ಕೆರಡು ಸಲ ಉಬ್ಬಿ ಇಳಿಯುವ ಕೆಳಹೊಳೆಯಲ್ಲಿ, ಕರೆಂಟಿನ ಗೋಪುರಗಳಿಗಾಗಿ ಸೀಳಿದ ಕಾನಿನಲ್ಲಿ ಅದು ಕಾಣುತ್ತದೆ. ನೀರಿನ ಮೇಲೆ ಹಸಿರಾಗಿ ನಿಂತ ನಡುಗಡ್ಡೆ ದೂರದಿಂದ ನೋಡಿದರೆ ಕಾಡೇ. ಒಳಗೆ ಹೋಗಿ ಎಣಿಸಿದರೆ ಮಾತ್ರ ಅದು ಬರಿದಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಆ ಎಣಿಕೆಯನ್ನು ಮಾಡುವ ಬಗೆ ಇಲ್ಲಿದೆ. ಕಾಲೇಜಿನ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು, ಹಿನ್ನೀರಿನ ಊರುಗಳ ಪರಿಸರ ಬಳಗಗಳು ಮಾಡಬಹುದಾದಷ್ಟನ್ನು ಹೇಳಿದ್ದೇವೆ. ಉದಾಹರಣೆಗೆ ಶರಾವತಿಯನ್ನು ಇಟ್ಟುಕೊಂಡಿದ್ದೇವೆ. 1948ರ ಸುಮಾರಿಗೆ ಹಿರೇಭಾಸ್ಕರ (ಮಡೆನೂರು ಕಟ್ಟೆ), 1964ರಲ್ಲಿ ಲಿಂಗನಮಕ್ಕಿ, ಆಮೇಲೆ ತಲಕಳಲೆ, ಗೇರುಸೊಪ್ಪ ಎಂದು ಒಂದೇ ಹೊಳೆಯ ಮೇಲೆ ಹಂತಹಂತವಾಗಿ ಕಟ್ಟೆಗಳು ಎದ್ದವು. ಲಿಂಗನಮಕ್ಕಿಯ ಹಿನ್ನೀರು 300 ಚದರ ಕಿಲೋಮೀಟರಿಗೂ ಹೆಚ್ಚು ಹರಡುತ್ತದೆ. ಶರಾವತಿಯನ್ನು ಆರಿಸಲು ಇನ್ನೊಂದು ಕಾರಣ, ಪಕ್ಕದಲ್ಲೇ ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿ ಇರುವುದು. ಒಂದೇ ಮಳೆ, ಒಂದೇ ಬಗೆಯ ಘಟ್ಟ, ಒಂದಕ್ಕೆ ಕಟ್ಟೆ ಇದೆ, ಇನ್ನೊಂದಕ್ಕಿಲ್ಲ. ಹೋಲಿಸಲು ಇಂಥ ಜೋಡಿ ಸಿಗುವುದು ಅಪರೂಪ. ಹೋಲಿಕೆಯಿಲ್ಲದ ಎಣಿಕೆಯಿಂದ ಅಣೆಕಟ್ಟಿನ ಬಗ್ಗೆ ಏನನ್ನೂ ಹೇಳಲಾಗದು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಹೊರಡುವ ಮುನ್ನ

ಅಭಯಾರಣ್ಯದ ಒಳಗೆ ಯಾವುದೇ ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಕಟ್ಟುವುದೂ ಅದರಲ್ಲಿ ಸೇರುತ್ತದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬೇಸಿಗೆಯ ಕೆಲಸಕ್ಕೆ ಮಳೆಗಾಲದಲ್ಲೇ ಅರ್ಜಿ ಹೋಗಿರಲಿ. ಅಣೆಕಟ್ಟು, ಪವರ್‌ಹೌಸ್, ಪೆನ್‌ಸ್ಟಾಕ್ (ಟರ್ಬೈನಿಗೆ ನೀರೊಯ್ಯುವ ದೊಡ್ಡ ಪೈಪು) ಇರುವ ಜಾಗ ಭದ್ರತಾ ವಲಯ. ಅಲ್ಲಿ ಡ್ರೋನ್ ಹಾರಿಸುವ ಯೋಚನೆಯೇ ಬೇಡ.

ಹಿನ್ನೀರಿನಲ್ಲಿ ದೋಣಿಗೆ ಅಪಾಯ ತರುವುದು ನೀರಿನಡಿಯ ಮರದ ಬೊಡ್ಡೆ ಮತ್ತು ಮಧ್ಯಾಹ್ನದ ಗಾಳಿ. ಆಯಾ ಊರಿನ ಮೀನುಗಾರರನ್ನೇ ಜೊತೆಗೆ ಕರೆದುಕೊಳ್ಳಿ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ, ಹನ್ನೊಂದು ಗಂಟೆಯೊಳಗೆ ದಡ ಸೇರಿ. ಪವರ್‌ಹೌಸಿನ ಕೆಳಗಿನ ಹೊಳೆಯಲ್ಲಿ ಕೆಲಸ ಮಾಡುವಾಗ ಒಬ್ಬರು ಯಾವಾಗಲೂ ದಡದ ಮೇಲಿದ್ದು ನೀರನ್ನು ನೋಡುತ್ತಿರಬೇಕು. ಟರ್ಬೈನ್ ಶುರುವಾದರೆ ಬಂಡೆಯ ನಡುವೆ ನಿಂತವರಿಗೆ ಸಿಗುವುದು ಕೆಲವೇ ನಿಮಿಷ.

ನಕ್ಷೆಯಲ್ಲಿ ಆಗುವ ತಪ್ಪುಗಳು

ಕೆಲಸ ಶುರುವಾಗುವುದು ನಕ್ಷೆಯಿಂದ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆ, ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳು, ಕ್ಯೂಜಿಐಎಸ್ ತಂತ್ರಾಂಶ, ಇಷ್ಟಿದ್ದರೆ ಸಾಕು. ಹಿಂದಿನ ವರ್ಷಗಳಿಗೆ ಲ್ಯಾಂಡ್‌ಸ್ಯಾಟ್ ಚಿತ್ರಗಳಿವೆ.

ನೀರು ಮತ್ತು ನೆಲವನ್ನು ಬೇರ್ಪಡಿಸಲು ಸೆಂಟಿನೆಲ್‌ನ ಹಸಿರು ಪಟ್ಟಿಯಿಂದ (ಬಿ3) ಸಮೀಪ ಅವಗೆಂಪು ಪಟ್ಟಿಯನ್ನು (ಬಿ8) ಕಳೆಯಿರಿ. ಬಂದ ಉತ್ತರವನ್ನು ಆ ಎರಡರ ಮೊತ್ತದಿಂದ ಭಾಗಿಸಿ. ಸೊನ್ನೆಗಿಂತ ಮೇಲಿದ್ದದ್ದು ಸಾಮಾನ್ಯವಾಗಿ ನೀರು. ಒಂದೇ ದಿನದ ಚಿತ್ರ ಸಾಲದು, ಎರಡು ಬೇಕು. ಮಳೆಗಾಲ ಮುಗಿದು ಜಲಾಶಯ ತುಂಬಿರುವ ಅಕ್ಟೋಬರ್–ನವೆಂಬರಿನದೊಂದು, ನೀರು ತಳ ಕಂಡಿರುವ ಮೇ ಕೊನೆಯದೊಂದು. ನವೆಂಬರಿನಲ್ಲಿ ನಡುಗಡ್ಡೆಯಾಗಿದ್ದದ್ದು ಮೇ ತಿಂಗಳಲ್ಲಿ ದಡಕ್ಕೆ ಅಂಟಿಕೊಂಡಿರಬಹುದು. ಅಂಥ ಗುಡ್ಡಕ್ಕೆ ವರ್ಷದಲ್ಲಿ ಎರಡು ತಿಂಗಳು ಪ್ರಾಣಿಗಳು ನಡೆದೇ ಬಂದು ಹೋಗುತ್ತವೆ. ಅದನ್ನು ಅಪ್ಪಟ ನಡುಗಡ್ಡೆಗಳ ಜೊತೆ ಸೇರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಎತ್ತರದ ಮಾಹಿತಿಗೆ ಬಹಳ ಜನ ಬಾಹ್ಯಾಕಾಶದಿಂದ ರೇಡಾರಿನಲ್ಲಿ ಅಳೆದ ಎಸ್‌ಆರ್‌ಟಿಎಂ ದತ್ತಾಂಶ ಇಳಿಸಿಕೊಂಡು, ಅದರ ಮೇಲೆ ಲಿಂಗನಮಕ್ಕಿಯ ಪೂರ್ಣಮಟ್ಟವಾದ 1819 ಅಡಿಯ (554.4 ಮೀಟರ್) ಗೆರೆ ಎಳೆದು, ಮುಳುಗಿದ ಕಣಿವೆಯ ಆಕಾರ ಸಿಕ್ಕಿತು ಎಂದುಕೊಳ್ಳುತ್ತಾರೆ. ಸಿಕ್ಕಿರುವುದಿಲ್ಲ. ಆ ರೇಡಾರ್ ಸಮೀಕ್ಷೆ ನಡೆದದ್ದು 2000ದ ಫೆಬ್ರವರಿಯಲ್ಲಿ. ರೇಡಾರ್ ಅಲೆ ನೀರಿನೊಳಗೆ ಇಳಿಯುವುದಿಲ್ಲವಾದ್ದರಿಂದ ಅದು ಅಳೆದದ್ದು ಅಂದಿನ ನೀರಿನ ಮೇಲ್ಮೈ. ಕಾಡಿನ ಮೇಲೂ ಅದು ನೆಲವನ್ನಲ್ಲ, ಮರಗಳ ಚಪ್ಪರವನ್ನು ಅಳೆಯುತ್ತದೆ. ಹಾಗಾಗಿ ದಟ್ಟ ಕಾಡಿನ ನಡುಗಡ್ಡೆಗಳು ಇದ್ದದ್ದಕ್ಕಿಂತ ಎತ್ತರವಾಗಿ ತೋರುತ್ತವೆ. ಮುಳುಗಿದ ಹಳ್ಳ, ಗದ್ದೆ, ಕಾನುಗಳ ಆಕಾರ ಬೇಕಾದರೆ ಅಣೆಕಟ್ಟಿಗೂ ಮುಂಚಿನ ಭೂಪಟವನ್ನೇ ಹುಡುಕಬೇಕು. ಅದನ್ನು ಸ್ಕ್ಯಾನ್ ಮಾಡಿ, ಈಗಲೂ ನೀರಿನ ಮೇಲಿರುವ ದೇವಸ್ಥಾನ, ಗುಡ್ಡದ ತುದಿ, ರಸ್ತೆ ಕೂಡುವ ಜಾಗ ಇಂಥ ಕನಿಷ್ಠ ಹತ್ತು ಗುರುತುಗಳಿಂದ ಇಂದಿನ ನಕ್ಷೆಗೆ ಹೊಂದಿಸಿ. ಕಣಿವೆಯ ತಳದಲ್ಲಿ ಏನಿತ್ತು ಎಂಬುದು ಮುಖ್ಯವಾಗುವುದು ಇದಕ್ಕೆ: ಘಟ್ಟದಲ್ಲಿ ಸಮತಟ್ಟಾದ, ವರ್ಷವಿಡೀ ನೀರು ಜಿನುಗುವ ನೆಲ ಇರುವುದೇ ಹೊಳೆಯಂಚಿನಲ್ಲಿ. ರಾಮಪತ್ರೆ ಜಡ್ಡಿಗಳು (ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು) ಬೆಳೆಯುವುದು ಅಂಥಲ್ಲಿ. ಅಣೆಕಟ್ಟು ಮೊದಲು ನುಂಗುವುದು ಆ ನೆಲವನ್ನೇ. ಮೇಲೆ ಉಳಿದ ಒಣ ನೆತ್ತಿಗಳು ಎಷ್ಟೇ ಎಕರೆಯಿದ್ದರೂ ಅದಕ್ಕೆ ಬದಲಿಯಲ್ಲ.

ನಡುಗಡ್ಡೆಗಳನ್ನು ಆರಿಸುವುದು

ಬೇರೆ ದೇಶಗಳ ಮೂರು ಜಲಾಶಯಗಳಿಂದ ಇಲ್ಲಿ ಕಲಿಯುವುದು ಬಹಳಷ್ಟಿದೆ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ 1987ರಲ್ಲಿ ಗೇಟು ಮುಚ್ಚಿದ ಬಾಲ್ಬಿನಾ ಅಣೆಕಟ್ಟಿನಿಂದ 3,546 ನಡುಗಡ್ಡೆಗಳಾದವು. ಕಾಲು ಶತಮಾನದ ಬಳಿಕ ಸಂಶೋಧಕರು ಅವುಗಳಲ್ಲಿ 37ನ್ನು ಕೂಲಂಕಷವಾಗಿ ಎಣಿಸಿದರು. ದೊಡ್ಡ ಪ್ರಾಣಿ–ಪಕ್ಷಿಗಳ ಐದರಲ್ಲಿ ನಾಲ್ಕು ಪಾಲಾದರೂ ಉಳಿದಿರಬಲ್ಲಷ್ಟು ವಿಸ್ತಾರವಾದ ನಡುಗಡ್ಡೆಗಳು ಇಡೀ ಜಲಾಶಯದಲ್ಲಿ 25 ಮಾತ್ರ ಎಂಬ ಅಂದಾಜು ಅದರಿಂದ ಬಂತು. ಇಷ್ಟಕ್ಕೆ ಸಿಕ್ಕ ವಿದ್ಯುತ್ ಸಾಮರ್ಥ್ಯ 250 ಮೆಗಾವ್ಯಾಟ್. ಶರಾವತಿ ಪವರ್‌ಹೌಸಿನದು 1,035.

ಥಾಯ್ಲೆಂಡಿನ ಚಿಯೋ ಲಾನ್ ಜಲಾಶಯ ತುಂಬಿದ್ದು 1986–87ರಲ್ಲಿ. ಅಲ್ಲಿ ಎಣಿಸಿದ್ದು ಇಲಿ, ಮೂಗಿಲಿ, ಅಳಿಲಿನಂಥ ಸಣ್ಣ ಸಸ್ತನಿಗಳನ್ನು. ಹತ್ತು ಹೆಕ್ಟೇರಿಗಿಂತ ಚಿಕ್ಕ ನಡುಗಡ್ಡೆಗಳಲ್ಲಿ ಐದಾರು ವರ್ಷದೊಳಗೇ ಹೆಚ್ಚುಕಡಿಮೆ ಎಲ್ಲವೂ ಹೋಗಿದ್ದವು. ಇಪ್ಪತ್ತೈದು ವರ್ಷಕ್ಕೆ 56 ಹೆಕ್ಟೇರಿನವರೆಗಿನವೂ ಬರಿದಾದವು. ಆ ಜಾಗವನ್ನೆಲ್ಲ ಕಾಡಂಚಿನ, ತೋಟಗಳ ಇಲಿಯೊಂದು ಹಿಡಿದಿತ್ತು. ವೆನೆಜುವೆಲಾದ ಗುರಿ ಸರೋವರದಲ್ಲಿ ಇನ್ನೊಂದು ಬಗೆಯ ಕೇಡು ಕಂಡಿತು. ಬೇಟೆಯಾಡುವ ಪ್ರಾಣಿಗಳು ಉಳಿಯದ ಚಿಕ್ಕ ನಡುಗಡ್ಡೆಗಳಲ್ಲಿ ಎಲೆ ತಿನ್ನುವ ಕೋತಿ, ಎಲೆ ಕತ್ತರಿಸುವ ಇರುವೆ, ದಂಶಕಗಳು ದಡದ ಕಾಡಿಗಿಂತ ಹತ್ತರಿಂದ ನೂರು ಪಟ್ಟು ದಟ್ಟವಾದವು. ಮರಗಳ ಸಸಿಗಳು ಮೇಲೇಳದಂತಾದವು.

ಈ ಮೂರರಿಂದ ನಮಗೆ ಸಿಗುವ ನಿಯಮಗಳಿವು. ಗಾತ್ರವನ್ನು ವರ್ಗ ಮಾಡಿಕೊಳ್ಳಿ: ಒಂದು ಹೆಕ್ಟೇರಿಗೆ ಕಡಿಮೆ, 1–10, 10–50, ಅದಕ್ಕೂ ಮೇಲೆ. ಪ್ರತಿ ವರ್ಗದಲ್ಲಿ ಕನಿಷ್ಠ ಐದು ನಡುಗಡ್ಡೆ ಇರಲಿ. ಅಷ್ಟೇ ಗಾತ್ರದ ಐದೈದು ತುಂಡುಗಳನ್ನು ದಡದ ನಿರಂತರ ಕಾಡಿನಲ್ಲೂ ಗುರುತಿಸಿ, ಅದೇ ಬಗೆಯ ಕಾಡಿನಲ್ಲಿ. ನಿತ್ಯಹರಿದ್ವರ್ಣದ ನಡುಗಡ್ಡೆಯನ್ನು ಎಲೆಯುದುರುವ ಕಾಡಿನ ದಡಕ್ಕೆ ಹೋಲಿಸಿದರೆ ಕಾಣುವುದು ಕಾಡಿನ ವ್ಯತ್ಯಾಸವೇ ಹೊರತು ಅಣೆಕಟ್ಟಿನದಲ್ಲ. ಅಕೇಶಿಯಾ ನೆಟ್ಟ ನಡುಗಡ್ಡೆ ಸಿಕ್ಕರೆ ಅದನ್ನು ಪ್ರತ್ಯೇಕ ವರ್ಗವಾಗಿಡಿ. ಪ್ರತಿಯೊಂದಕ್ಕೂ ನಾಲ್ಕು ಅಳತೆ ಬರೆದುಕೊಳ್ಳಿ: ತುಂಬಿದ ಮಟ್ಟದಲ್ಲಿ ವಿಸ್ತೀರ್ಣ, ತುಂಬಿದಾಗ ದಡಕ್ಕೆ ಇರುವ ದೂರ, ಇಳಿದಾಗ ಇರುವ ದೂರ, ಹತ್ತಿರದ ದೊಡ್ಡ ನಡುಗಡ್ಡೆಗೆ ಇರುವ ದೂರ. ಉರುಲು, ಒಲೆಯ ಕಲ್ಲು, ಕಡಿದ ಬುಡ ಕಂಡರೆ ಅದೂ ದಾಖಲಾಗಲಿ. ದೋಣಿ ಹೋಗುವಲ್ಲೆಲ್ಲ ಬೇಟೆಗಾರನೂ ಹೋಗುತ್ತಾನೆ. ಚಿಕ್ಕ ನಡುಗಡ್ಡೆಯಲ್ಲಿ ಒಂದೇ ಉರುಲು ಸಾಲು ಒಂದು ಜಾತಿಯನ್ನು ಮುಗಿಸಬಲ್ಲದು.

ಎಣಿಸುವುದು

ದಡದ ಕಾಡಿನಲ್ಲಿ 1ರಿಂದ 2 ಕಿಲೋಮೀಟರಿನ ನೇರ ಗೆರೆಗಳಲ್ಲಿ ನಡೆಯಿರಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯೊಳಗೆ, ಗಂಟೆಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ, ಇಬ್ಬರೇ, ಮಾತಿಲ್ಲದೆ. ಕೆಂದಳಿಲು, ಮುಸುವ, ಕಾಡುಕುರಿ, ಮಂಗಟ್ಟೆ, ಯಾವುದೇ ಕಂಡರೂ ಮೊದಲು ಕಂಡ ಜಾಗಕ್ಕೆ ಗೆರೆಯಿಂದ ಲಂಬವಾಗಿ ಎಷ್ಟು ಮೀಟರ್ ಎಂದು ರೇಂಜ್‌ಫೈಂಡರಿನಿಂದ ಅಳೆಯಿರಿ. ಕಣ್ಣಂದಾಜು ಬೇಡ. ಹತ್ತು, ಇಪ್ಪತ್ತು, ಮೂವತ್ತು ಎಂಬ ಗುಂಡು ಅಂಕಿಗಳೇ ಸೇರಿಕೊಂಡು ದಟ್ಟಣೆಯ ಲೆಕ್ಕ ತಪ್ಪುತ್ತದೆ. ಒಂದು ಜಾತಿಯ ದಟ್ಟಣೆ ತೆಗೆಯಲು ಅದು 60ರಿಂದ 80 ಸಲ ಕಂಡಿರಬೇಕು. ಅಷ್ಟಾಗದಿದ್ದರೆ ಕಿಲೋಮೀಟರಿಗೆ ಎಷ್ಟು ಸಲ ಕಂಡಿತು ಎಂದಷ್ಟೇ ಬರೆಯಿರಿ.

ಚಿಕ್ಕ ನಡುಗಡ್ಡೆಯಲ್ಲಿ ಒಂದು ಕಿಲೋಮೀಟರ್ ಗೆರೆಗೆ ಜಾಗವೇ ಇರುವುದಿಲ್ಲ. ಅಲ್ಲಿ ನಾಲ್ಕೈದು ಜನ 20 ಮೀಟರ್ ಅಂತರದಲ್ಲಿ ಸಾಲಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾಲಾಡಿ. ಹಿಕ್ಕೆ, ಗೊರಸಿನ ಗುರುತು, ಮುಳ್ಳುಹಂದಿಯ ಮುಳ್ಳು, ಚಿಪ್ಪುಹಂದಿ ತೋಡಿದ ಗುಂಡಿ, ಕಡಿದುಳಿದ ಹಣ್ಣು, ಎಲ್ಲವನ್ನೂ ಪಟ್ಟಿ ಮಾಡಿ. ಒಂದು ಎಚ್ಚರಿಕೆ: ಕಾಟಿ, ಕಡವೆ, ಆನೆ ಚೆನ್ನಾಗಿ ಈಜುತ್ತವೆ. ಅವುಗಳ ಗುರುತು ಸಿಕ್ಕಿತೆಂದರೆ ಅವು ಅಲ್ಲಿ ನೆಲೆಸಿವೆ ಎಂದಾಗದು. ಮರಿಗಳ ಗುರುತು, ಬೇರೆ ಬೇರೆ ಹಳತನದ ಲದ್ದಿ ಇದ್ದರೆ ಮಾತ್ರ ನೆಲೆ ಎಂದು ಬರೆಯಿರಿ.

ಕ್ಯಾಮೆರಾ ಟ್ರ್ಯಾಪನ್ನು ನೆಲದಿಂದ 35–45 ಸೆಂಟಿಮೀಟರ್ ಎತ್ತರಕ್ಕೆ, ಪ್ರಾಣಿ ಹಾಯುವ ಜಾಡಿನಿಂದ ಮೂರು ನಾಲ್ಕು ಮೀಟರ್ ದೂರಕ್ಕೆ ಕಟ್ಟಿ. ಮೂಡಣ, ಪಡುವಣಕ್ಕೆ ಮುಖ ಮಾಡಬೇಡಿ, ಬಿಸಿಲಿಗೆ ಖಾಲಿ ಚಿತ್ರಗಳೇ ಬೀಳುತ್ತವೆ. ಎದುರಿನ ಹುಲ್ಲು, ಜರಿಗಿಡ ಸವರಿ, ಇಲ್ಲವಾದರೆ ಗಾಳಿಗೆ ಅಲುಗಿ ಮೆಮೊರಿ ಕಾರ್ಡು ಎರಡೇ ದಿನದಲ್ಲಿ ತುಂಬುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಲೆನಾಡಿನ ಥಂಡಿಗೆ ಲೆನ್ಸಿನೊಳಗೆ ಬೂಸ್ಟು ಹಿಡಿಯುವುದು, ಇರುವೆ ಗೂಡು ಕಟ್ಟುವುದು ಮಾಮೂಲು. ಒಂದು ಜಾಗದಲ್ಲಿ ಕನಿಷ್ಠ 30 ರಾತ್ರಿ ಇರಲಿ. ಹತ್ತು ಹೆಕ್ಟೇರಿನೊಳಗೆ ಎರಡು ಕ್ಯಾಮೆರಾ, ಐವತ್ತರೊಳಗೆ ನಾಲ್ಕು ಸಾಕು. ದೊಡ್ಡ ನಡುಗಡ್ಡೆಗೆ ಹೆಚ್ಚು ಕ್ಯಾಮೆರಾ ಹೋದಾಗ ಹೆಚ್ಚು ಜಾತಿ ಸಿಗುವುದು ಸಹಜ, ಅದು ಗಾತ್ರದಿಂದ ಬಂದ ವ್ಯತ್ಯಾಸವೆಂದು ಮೋಸಹೋಗದಿರಲು ಸಮಾನ ಕ್ಯಾಮೆರಾ–ರಾತ್ರಿಗಳಿಗೆ (ಒಂದು ಕ್ಯಾಮೆರಾ ಒಂದು ರಾತ್ರಿ ನಡೆದರೆ ಒಂದು ಕ್ಯಾಮೆರಾ–ರಾತ್ರಿ) ಇಳಿಸಿ ಹೋಲಿಸಬೇಕು. ಇಲಿ, ಮೂಗಿಲಿ ಹಿಡಿದು ಎಣಿಸುವುದಕ್ಕೆ ಮಾತ್ರ ತರಬೇತಾದವರೇ ಬೇಕು. ಮುಂಜಾನೆ ತಡಮಾಡಿ ಪೆಟ್ಟಿಗೆ ತೆರೆದರೆ ಒಳಗಿನ ಜೀವ ಸತ್ತಿರುತ್ತದೆ.

ಕಂಡಿಲ್ಲ ಎಂದರೆ ಇಲ್ಲ ಎಂದಲ್ಲ. ಒಂದು ಪ್ರಾಣಿ ನಡುಗಡ್ಡೆಯಲ್ಲಿದ್ದೂ ಒಂದು ಭೇಟಿಯಲ್ಲಿ ಕಾಣುವ ಸಾಧ್ಯತೆ ನೂರಕ್ಕೆ ಮೂವತ್ತು ಎನ್ನಿ. ಐದು ಸಲ ಹೋದರೂ ಕಾಣದೇ ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 17. ಎಂಟು ಸಲ ಹೋದರೆ 6ಕ್ಕೆ ಇಳಿಯುತ್ತದೆ. ಆದ್ದರಿಂದ ಭೇಟಿಯ ಸಂಖ್ಯೆಯನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಎರಡು ಸಲ ಹೋಗಿ "ಅಳಿದಿದೆ" ಎಂದು ಬರೆದ ವರದಿಯನ್ನು ಎದುರು ಪಕ್ಷದವರು ಐದು ನಿಮಿಷದಲ್ಲಿ ಮೂಲೆಗೆ ತಳ್ಳುತ್ತಾರೆ, ಆಗ ನಿಜವಾದ ನಷ್ಟವೂ ಸುಳ್ಳೆನಿಸಿಕೊಳ್ಳುತ್ತದೆ.

ಸಸಿಗಳನ್ನು ಮರೆಯಬೇಡಿ. ನೂರು ವರ್ಷದ ಮರ ನೀರು ನಿಂತ ಮೇಲೂ ಅರವತ್ತು ವರ್ಷ ನಿಂತಿರುತ್ತದೆ, ಹಾಗಾಗಿ ಮರಗಳ ಪಟ್ಟಿ ನೋಡಿದರೆ ನಡುಗಡ್ಡೆ ಆರೋಗ್ಯವಾಗಿಯೇ ಇದೆ ಅನ್ನಿಸುತ್ತದೆ. ಅದರ ಬೀಜ ಹೊತ್ತೊಯ್ಯುವ ಪ್ರಾಣಿ ಇಲ್ಲದಿದ್ದರೆ ಕೆಳಗೆ ಅದರ ಸಸಿ ಇರುವುದಿಲ್ಲ. 20×20 ಮೀಟರಿನ ಚೌಕದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆಯ ಮರಗಳನ್ನು, ಅದರೊಳಗೆ 5×5ರ ಎರಡು ಚೌಕದಲ್ಲಿ ಎಳೆಮರಗಳನ್ನು, 1×1ರ ನಾಲ್ಕು ಚೌಕದಲ್ಲಿ ಮೊಳಕೆಗಳನ್ನು ಎಣಿಸಿ. ಮೇಲೆ ಮರವಿದ್ದು ಕೆಳಗೆ ಸಸಿಯಿಲ್ಲದ ಜಾತಿಗಳನ್ನು ಬೇರೆ ಪಟ್ಟಿ ಮಾಡಿ. ದಪ್ಪ ಬೀಜದ ಜಾತಿಗಳೇ ಅಲ್ಲಿ ಸೇರುತ್ತಿದ್ದರೆ ಬೀಜ ಒಯ್ಯುವವರು ಹೋಗಿದ್ದಾರೆ. ನಡುಗಡ್ಡೆಯ ಅಂಚಿನಿಂದ ಒಳಕ್ಕೆ 10, 30, 60, 100 ಮೀಟರಿನಲ್ಲಿ ಬಿದ್ದ ಮರ, ಬಳ್ಳಿ, ಲಂಟಾನ, ಕಮ್ಯುನಿಸ್ಟ್ ಗಿಡಗಳನ್ನೂ ಎಣಿಸಿ. ಗಾಳಿ, ಬಿಸಿಲು ಕಾಡಿನೊಳಗೆ ಎಷ್ಟು ದೂರ ನುಗ್ಗಿವೆ ಎಂಬುದು ಅದರಿಂದ ತಿಳಿಯುತ್ತದೆ.

ಸಿಂಗಳೀಕ ಮತ್ತು ಕತ್ತರಿಸಿದ ಚಪ್ಪರ

ಶರಾವತಿ–ಅಘನಾಶಿನಿ ಕಣಿವೆ ಸಿಂಗಳೀಕಗಳ ಉತ್ತರದ ಅಂಚು. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನೂ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಲಾಯಿತು. ಈ ಪ್ರಾಣಿ ಬದುಕಿನ ಬಹುಪಾಲನ್ನು ಮರದ ಮೇಲೆಯೇ ಕಳೆಯುತ್ತದೆ. ಹಿನ್ನೀರನ್ನು ದಾಟುವ ಮಾತಂತೂ ದೂರ, ಅಗಲವಾದ ರಸ್ತೆಯೇ ಅದಕ್ಕೆ ತೊಡಕು. ಅಣೆಕಟ್ಟಿನ ಜೊತೆಗೆ ಬರುವ ಪೆನ್‌ಸ್ಟಾಕ್ ಪೈಪಿನ ಪಟ್ಟಿ, ಕಾಲುವೆ, ಕಾಲೊನಿ ರಸ್ತೆ, ತಂತಿಮಾರ್ಗ ಇವು ನೀರಿಗಿಂತ ಕಡಿಮೆ ಕಾಡು ತಿಂದರೂ ಗುಂಪುಗಳನ್ನು ಬೇರ್ಪಡಿಸುವುದರಲ್ಲಿ ನೀರಿಗೆ ಕಡಿಮೆಯಿಲ್ಲ. 110 ಕೆವಿ ಮಾರ್ಗಕ್ಕೆ 22 ಮೀಟರ್, 220 ಕೆವಿಗೆ 35 ಮೀಟರ್ ಅಗಲದ ಪಟ್ಟಿ ಬೇಕಾಗುತ್ತದೆ.

ಅಳೆಯುವುದು ಹೀಗೆ: ತಂತಿಮಾರ್ಗ, ರಸ್ತೆಗಳ ಉದ್ದಕ್ಕೂ ಪ್ರತಿ 50 ಮೀಟರಿಗೊಮ್ಮೆ ನಿಂತು ಎರಡೂ ಬದಿಯ ಕೊಂಬೆಗಳ ತುದಿಯ ನಡುವಿನ ಅಂತರ ಅಳೆಯಿರಿ. ಕೊಂಬೆ ಕೊಂಬೆಗೆ ತಾಗುವ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ. ಆ ಕೆಲವೇ ಸೇತುವೆಮರಗಳು ಕಡಿಯದಂತೆ ಉಳಿಯುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಗಟ್ಟಿಯಾದ ಪರಿಹಾರ. ಗುಂಪನ್ನು ಎಣಿಸಲು ಒಳ್ಳೆಯ ಜಾಗವೂ ಅದೇ. ಒಂದೊಂದಾಗಿ ದಾಟುವಾಗ ಗಂಡು, ಹೆಣ್ಣು, ಮರಿ ಬೇರೆ ಬೇರೆಯಾಗಿ ಸಿಗುತ್ತವೆ. ತಮಿಳುನಾಡಿನ ವಾಲ್ಪಾರೈ ಬಳಿ ರಸ್ತೆಗಳ ಮೇಲೆ ಕಟ್ಟಿದ ತೂಗುಸೇತುವೆಗಳನ್ನು ಸಿಂಗಳೀಕಗಳು ಬಳಸುತ್ತವೆ. ಕಿರಿದಾದ ರಸ್ತೆಗೆ ಅದು ಸಾಕು. ತಂತಿಮಾರ್ಗದ ಅಗಲಕ್ಕೆ ಅದೇ ಪರಿಹಾರ ಎಂದು ಯಾರಾದರೂ ಬರೆದರೆ ಅಳತೆ ತೋರಿಸಿ ಪ್ರಶ್ನಿಸಿ.

ನೀರಿಳಿದ ಬಯಲು

ಬೇಸಿಗೆಯಲ್ಲಿ ಹಿನ್ನೀರು ಇಳಿದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಕಬಿನಿಯ ಹಿನ್ನೀರಿನಲ್ಲಿ ನೂರಾರು ಆನೆಗಳು ಸೇರುವುದು ಇದಕ್ಕೇ. ಕಬಿನಿ ಮುಖ್ಯವಾಗಿ ನೀರಾವರಿಯ ಜಲಾಶಯ, ಆದರೂ ಪಾಠ ಒಂದೇ: ಇದನ್ನು ಕಂಡು ಅಣೆಕಟ್ಟಿನಿಂದ ಪ್ರಾಣಿಗಳು ಹೆಚ್ಚಾದವು ಎನ್ನುವುದು ತಪ್ಪು. ಸುತ್ತಲಿನ ನೂರಾರು ಚದರ ಕಿಲೋಮೀಟರಿನ ಆನೆಗಳು ಎರಡು ತಿಂಗಳಿಗೆ ಒಂದೆಡೆ ಸೇರಿರುತ್ತವೆ. ಏಪ್ರಿಲ್–ಮೇ ತಿಂಗಳ ಎಣಿಕೆಯನ್ನು ಇಡೀ ಕಾಡಿಗೆ ಹಂಚಿದರೆ ಉಬ್ಬಿದ ಸಂಖ್ಯೆ ಬರುತ್ತದೆ. ಹಿನ್ನೀರಂಚಿನ ಎಣಿಕೆಯನ್ನು ಬೇರೆಯಾಗಿಯೇ ವರದಿ ಮಾಡಿ, ಮಳೆಗಾಲದ ನಂತರದ ಎಣಿಕೆಯೊಂದಿಗೆ ಅಕ್ಕಪಕ್ಕ ಇಡಿ.

ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ಮೇಲೆದ್ದ ಬೋಳು ನಡುಗಡ್ಡೆಗಳ ಮೇಲೆ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ನೀರು ಬೇಗ ಇಳಿದರೆ ನಡುಗಡ್ಡೆ ದಡಕ್ಕೆ ಸೇರಿ ನಾಯಿ, ನರಿ ನಡೆದು ಬರುತ್ತವೆ. ಬೇಗ ಏರಿದರೆ ಮೊಟ್ಟೆ ತೇಲಿಹೋಗುತ್ತದೆ. ಗೂಡುಗಳು ನೀರಿನಿಂದ ಎಷ್ಟು ಎತ್ತರದಲ್ಲಿವೆ ಎಂದು ತಿಳಿಯಲು ಮೇಸ್ತ್ರಿಗಳ ನೀರಿನ ಟ್ಯೂಬ್ ಸಾಕು: ಒಂದು ತುದಿ ನೀರಂಚಿನ ಕೋಲಿಗೆ, ಇನ್ನೊಂದು ಗೂಡಿನ ಸಾಲಿನ ಬಳಿಗೆ, ಎರಡರ ವ್ಯತ್ಯಾಸ ಸೆಂಟಿಮೀಟರಿನಲ್ಲಿ. ಅಂದಿನ ಜಲಾಶಯ ಮಟ್ಟವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಿಕ ಪಟ್ಟಿಯಿಂದ ಬರೆದುಕೊಂಡರೆ ಯಾವ ಮಟ್ಟಕ್ಕೆ ಎಷ್ಟು ಗೂಡು ಮುಳುಗುತ್ತವೆ ಎಂದು ಮುಂಚೆಯೇ ಹೇಳಬಹುದು. ಈ ಅಳತೆ ಬೆಳಿಗ್ಗೆ ಎಂಟರೊಳಗೆ, ಹತ್ತು ನಿಮಿಷದಲ್ಲಿ ಮುಗಿಯಬೇಕು. ಹಕ್ಕಿ ಎದ್ದುಹೋದರೆ ಬಿಸಿಲಿಗೆ ಬಿದ್ದ ಮೊಟ್ಟೆ ಬೇಯುತ್ತದೆ.

ಕೆಳಹೊಳೆ

ಪವರ್‌ಹೌಸ್ ನಡೆಯುವುದು ಬೇಡಿಕೆಗೆ ತಕ್ಕಂತೆ. ಬೆಳಿಗ್ಗೆ, ಸಂಜೆ ಟರ್ಬೈನ್ ತಿರುಗಿದಾಗ ಹೊಳೆ ಉಬ್ಬುತ್ತದೆ, ನಿಂತಾಗ ಇಳಿಯುತ್ತದೆ. ಬಂಡೆಯೊಂದಕ್ಕೆ ಸೆಂಟಿಮೀಟರ್ ಗುರುತು ಬಳಿದು 24 ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಮಟ್ಟ ಬರೆಯಿರಿ. ನೀರಿಳಿದ ಕೂಡಲೇ ಬಂಡೆಗುಂಡಿಗಳಲ್ಲಿ ಸಿಕ್ಕಿಬಿದ್ದ ಮರಿಮೀನು, ಏಡಿ, ಗೊದಮೊಟ್ಟೆಗಳನ್ನು ಎಣಿಸಿ. ಉತ್ತರ ಕನ್ನಡದ ಕತ್ತಲೆಕಾನಿನ ಜಡ್ಡಿಗಳಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯಲ್ಲಿ ಗಂಡು ಕಪ್ಪೆ ನೀರಿನ ಮೇಲಿನ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುತ್ತದೆ. ಇಂಥ ಜೀವಿಗಳಿಗೆ ತೊರೆಯ ನೀರು ಮಳೆಯ ಲೆಕ್ಕದಲ್ಲಿ ಏರಿಳಿದರೆ ಮಾತ್ರ ಬದುಕು. ಕಿರು ಜಲವಿದ್ಯುತ್ ಯೋಜನೆಗಾಗಿ ತೊರೆಯನ್ನು ಪೈಪಿಗೆ ತಿರುಗಿಸಿದರೆ ತಿರುಗಿಸಿದ ಜಾಗಕ್ಕೂ ಪವರ್‌ಹೌಸಿಗೂ ನಡುವಿನ ತುಂಡು ಬೇಸಿಗೆಗೆ ಒಣಗುತ್ತದೆ. ಆ ತುಂಡಿನ ಉದ್ದವನ್ನು ತಪ್ಪದೆ ಅಳೆಯಿರಿ.

ಆಳವಾದ ಜಲಾಶಯದಲ್ಲಿ ಬೇಸಿಗೆಗೆ ನೀರು ಪದರವಾಗುತ್ತದೆ. ತಳದ ತಣ್ಣನೆಯ ನೀರಿನಲ್ಲಿ ಮುಳುಗಿದ ಸೊಪ್ಪುಸದೆ ಕೊಳೆತು ಆಮ್ಲಜನಕ ತೀರುತ್ತದೆ, ಮೀಥೇನ್ ಹುಟ್ಟುತ್ತದೆ. ಪೆನ್‌ಸ್ಟಾಕ್‌ನ ಬಾಯಿ ಆ ಆಳದಲ್ಲಿದ್ದರೆ ಅದೇ ನೀರು ಹೊಳೆಗೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅನುಮಾನವೇ ಬೇಡ. ಕರಗಿದ ಆಮ್ಲಜನಕವನ್ನು ನಸುಕಿನಲ್ಲಿ ಅಳೆಯಿರಿ, ಮಧ್ಯಾಹ್ನ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಅಂಕಿ ಏರಿ ಮೋಸ ಮಾಡುತ್ತದೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನಿಗೆ ಕಷ್ಟ, 2ಕ್ಕಿಂತ ಕೆಳಗೆ ಹೆಚ್ಚಿನವು ಉಳಿಯುವುದಿಲ್ಲ. ಪವರ್‌ಹೌಸಿನ ಕೆಳಗೆ 100 ಮೀಟರ್, 1, 5, 10 ಕಿಲೋಮೀಟರಿನಲ್ಲಿ ಅಳೆದು, ಅದೇ ವಾರ ಅಘನಾಶಿನಿಯಲ್ಲೂ ಅಳೆಯಿರಿ.

ನೀರುನಾಯಿಗೆ 600 ಮೀಟರಿನ ದಡದ ತುಂಡುಗಳನ್ನು ಮಾಡಿ ಬಂಡೆಗಳ ಮೇಲಿನ ಹಿಕ್ಕೆ ಹುಡುಕಿ. ಏಡಿಯ ಚಿಪ್ಪೇ ತುಂಬಿದ್ದರೆ ಚಿಕ್ಕ ಉಗುರಿನ ನೀರುನಾಯಿ, ಮೀನಿನ ಮುಳ್ಳು, ಹುರುಪೆ ತುಂಬಿದ್ದರೆ ದೊಡ್ಡ ನೀರುನಾಯಿ ಇರುವ ಸಾಧ್ಯತೆ ಹೆಚ್ಚು. ಹೊಳೆ ಉಬ್ಬಿದ ಮರುದಿನ ಹುಡುಕಬೇಡಿ, ಗುರುತೆಲ್ಲ ತೊಳೆದಿರುತ್ತದೆ.

ಪರಿಣಾಮ ಕಡಲಿನವರೆಗೂ ಹೋಗುತ್ತದೆ. ಪವರ್‌ಹೌಸುಗಳಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಹೊನ್ನಾವರದ ಶರಾವತಿ ಅಳಿವೆಯಲ್ಲಿ ಬೇಸಿಗೆಯ ಉಪ್ಪಿನಂಶ ಕುಸಿದಿದೆ. ಉಪ್ಪು ಬೇಡುವ ಬೆಳಚಿನಂಥ ಚಿಪ್ಪುಜೀವಿಗಳಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಲವು ಜಾತಿಗಳಿಗೆ ಅಲ್ಲಿ ನೆಲೆ ತಪ್ಪಿದೆ. ಪಕ್ಕದ ಅಘನಾಶಿನಿ ಅಳಿವೆಯಲ್ಲಿ ಈಗಲೂ ಸಾವಿರಾರು ಜನ ಚಿಪ್ಪು ಹೆಕ್ಕಿ ಬದುಕುತ್ತಾರೆ. ಏಪ್ರಿಲ್ ತಿಂಗಳ ಭರತದ ಹೊತ್ತಿಗೆ ಎರಡೂ ಅಳಿವೆಗಳಲ್ಲಿ ಒಂದೇ ದಿನ ಉಪ್ಪಿನಂಶ ಅಳೆದರೆ ಅಂಕಿಯೇ ಮಾತಾಡುತ್ತದೆ.

ಹಿರಿಯರ ನೆನಪು

1964ಕ್ಕೂ ಮುಂಚಿನ ಪ್ರಾಣಿಗಣತಿ ಇಲ್ಲ. ಇರುವುದು ಮುಳುಗಡೆಯಾಗಿ ಊರು ಬಿಟ್ಟವರ ನೆನಪು. ಎಂಬತ್ತು ದಾಟಿದವರನ್ನು ಮೊದಲು ಮಾತಾಡಿಸಿ, ಈ ಕೆಲಸ ಕಾಯುವುದಿಲ್ಲ. ವರ್ಷ ಕೇಳಬೇಡಿ, "ಮಡೆನೂರು ಕಟ್ಟೆ ಕಟ್ಟುವಾಗ", "ಲಿಂಗನಮಕ್ಕಿ ನೀರು ಬರುವ ಮೊದಲು", "ನಿಮ್ಮ ಮದುವೆಯ ಹೊತ್ತಿಗೆ" ಎಂದು ಕೇಳಿ. ಹೆಸರಿಗೆ ಬದಲು ಚಿತ್ರ ತೋರಿಸಿ, ಒಂದೇ ಪ್ರಾಣಿಗೆ ಊರಿಗೊಂದು ಹೆಸರು. ಚಿತ್ರಗಳ ನಡುವೆ ಈ ಸೀಮೆಯಲ್ಲಿ ಇಲ್ಲದ ಒಂದೆರಡು ಪ್ರಾಣಿ ಇರಲಿ. ಅದನ್ನೂ ಕಂಡಿದ್ದೇನೆ ಎಂದರೆ ಆ ಮಾತುಕತೆಯನ್ನು ಗೌರವದಿಂದಲೇ ಮುಗಿಸಿ, ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ಮೀನಿನ ಬಗ್ಗೆ, ಕಪ್ಪೆಯ ಕೂಗಿನ ಬಗ್ಗೆ ಹೆಂಗಸರನ್ನೂ ಕೇಳಿ, ಹಳ್ಳದ ದಾರಿ ಅವರಿಗೆ ಗೊತ್ತಿರುತ್ತದೆ.

ಲೆಕ್ಕ, ಮತ್ತು ಯೋಜನಾ ವರದಿ ಓದುವುದು

ಅಡ್ಡಗೆರೆಯಲ್ಲಿ ನಡುಗಡ್ಡೆಯ ವಿಸ್ತೀರ್ಣ, ಉದ್ದಗೆರೆಯಲ್ಲಿ ಜಾತಿಗಳ ಸಂಖ್ಯೆ, ಎರಡನ್ನೂ ಲಾಗ್ (ಲಾಗರಿದಮ್) ಮಾಡಿ ಬಿಂದು ಇಡಿ. ಗೆರೆಯ ಓಟ (ಇಳಿಜಾರು) 0.25 ಎಂದಿದ್ದರೆ ನೂರು ಹೆಕ್ಟೇರಿನಲ್ಲಿರುವ ಜಾತಿಗಳಲ್ಲಿ ಹತ್ತು ಹೆಕ್ಟೇರಿನಲ್ಲಿ ಉಳಿಯುವುದು ನೂರಕ್ಕೆ 56 ಎಂದರ್ಥ. ದಡದ ಕಾಡಿನ ತುಂಡುಗಳಿಗೂ ಇದೇ ಗೆರೆ ಎಳೆಯಿರಿ. ನಡುಗಡ್ಡೆಗಳ ಗೆರೆ ಅದಕ್ಕಿಂತ ಕಡಿದಾಗಿದ್ದರೆ, ಆ ವ್ಯತ್ಯಾಸವೇ ಸುತ್ತುವರಿದ ನೀರು ಮಾಡಿದ ಕೆಲಸ. ಜಲಾಶಯ ಹೊಸದಾದರೆ ಗೆರೆ ಇನ್ನೂ ಮಟ್ಟಸವಾಗಿರುತ್ತದೆ, ಅದನ್ನು ನೆಮ್ಮದಿಯ ಸುದ್ದಿ ಎಂದು ಬರೆಯಬೇಡಿ.

ಹೊಸ ಯೋಜನೆಯ ಪರಿಸರ ಪರಿಣಾಮ ವರದಿ ಕೈಗೆ ಬಂದರೆ ಮೊದಲು ಸಮೀಕ್ಷೆಯ ದಿನಾಂಕ ನೋಡಿ. ಮಳೆಗಾಲ ಬಿಟ್ಟು ಮಾಡಿದ ಸಮೀಕ್ಷೆಯಲ್ಲಿ ಕಪ್ಪೆಗಳು ಇರುವುದೇ ಇಲ್ಲ. ಕ್ಯಾಮೆರಾ–ರಾತ್ರಿಗಳ ಸಂಖ್ಯೆ, ನಡೆದ ಕಿಲೋಮೀಟರ್ ಕೊಟ್ಟಿಲ್ಲದ ಜಾತಿಪಟ್ಟಿಗೆ ಬೆಲೆಯಿಲ್ಲ. ತಂತಿಮಾರ್ಗ, ರಸ್ತೆ, ಸುರಂಗದ ಮಣ್ಣು ಸುರಿಯುವ ಜಾಗ ಬೇರೆ ಕಡತದಲ್ಲಿವೆಯೇ ನೋಡಿ, ಇದ್ದರೆ ಕೂಡಿಸಿ ಒಟ್ಟು ಕಾಡಿನ ಲೆಕ್ಕ ತೆಗೆಯಿರಿ. 2006ರ ಅಧಿಸೂಚನೆಯ ಪ್ರಕಾರ 25 ಮೆಗಾವ್ಯಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಈ ವರದಿಯೇ ಬೇಕಿಲ್ಲ, ಆದ್ದರಿಂದ ಒಂದೇ ಹೊಳೆಯ ಮೇಲಿನ ಕಿರು ಯೋಜನೆಗಳನ್ನು ನೀವೇ ಒಟ್ಟುಗೂಡಿಸಬೇಕು. ತಲಕಳಲೆ ಮತ್ತು ಗೇರುಸೊಪ್ಪದ ನಡುವೆ ಪ್ರಸ್ತಾಪವಾಗಿರುವ 2,000 ಮೆಗಾವ್ಯಾಟಿನ, ಕೆಳಗಿನ ನೀರನ್ನು ಮತ್ತೆ ಮೇಲಕ್ಕೆತ್ತಿ ಬಳಸುವ ಪಂಪ್ಡ್ ಸ್ಟೋರೇಜ್‌ನಂಥ ಯೋಜನೆಯಲ್ಲಿ ಹೊಸ ಮುಳುಗಡೆಯ ಎಕರೆಗಳಿಗಿಂತ ದಿನನಿತ್ಯದ ನೀರಿನ ಏರಿಳಿತವನ್ನೂ ಕಡಿಯುವ ಚಪ್ಪರವನ್ನೂ ಕೇಳಿ.

"ಪ್ರಾಣಿಗಳನ್ನು ಹಿಡಿದು ಬೇರೆಡೆ ಬಿಡುತ್ತೇವೆ" ಎಂಬ ಸಾಲು ಇದ್ದರೆ ಸುರಿನಾಮ್ ನೆನಪಿರಲಿ. ಲಿಂಗನಮಕ್ಕಿ ಮುಗಿದ 1964ರಲ್ಲೇ ಅಲ್ಲಿನ ಅಫೊಬಾಕಾ ಅಣೆಕಟ್ಟಿನ ಹಿಂದೆ ನೀರು ನಿಂತಾಗ ದೋಣಿಗಳಲ್ಲಿ ಹೋಗಿ ಸುಮಾರು 10 ಸಾವಿರ ಪ್ರಾಣಿಗಳನ್ನು ರಕ್ಷಿಸಿದರು. ಮುಳುಗಿದ ಕಾಡು ಸುಮಾರು 1,500 ಚದರ ಕಿಲೋಮೀಟರ್. ಬಿಟ್ಟ ಕಡೆ ಕಾಡು ಖಾಲಿಯಿರುವುದಿಲ್ಲ, ಅಲ್ಲಿ ಆಗಲೇ ಅದೇ ಜಾತಿಯ ಪ್ರಾಣಿಗಳು ತಮ್ಮ ಗಡಿ ಹಾಕಿಕೊಂಡಿರುತ್ತವೆ.

ಮರುಎಣಿಕೆ ಐದು ವರ್ಷಕ್ಕೊಮ್ಮೆ ಆಗಲಿ, ಅವೇ ನಡುಗಡ್ಡೆಗಳಲ್ಲಿ, ಅದೇ ತಿಂಗಳಲ್ಲಿ. ಆದರೆ ತಿಂಗಳಿಗಿಂತ ನೀರಿನ ಮಟ್ಟ ಮುಖ್ಯ. ಮಳೆ ಕಡಿಮೆಯಾದ ವರ್ಷ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರದ ಹಳೆಯ ಕಟ್ಟೆ ಬೇಗ ಮೇಲೆದ್ದು ಕಾಣುತ್ತದೆ, ಒಳ್ಳೆಯ ಮಳೆಯ ವರ್ಷ ಮೇ ಬಂದರೂ ಕಾಣುವುದಿಲ್ಲ. ಎಣಿಕೆಯ ದಿನದ ಮಟ್ಟವನ್ನು ಅಡಿಯಲ್ಲಿ, ದಶಮಾಂಶ ಸಮೇತ, ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. ಹಾಳೆಯ ಒಂದು ಪ್ರತಿ ಅರಣ್ಯ ವಲಯ ಕಚೇರಿಗೆ, ಇನ್ನೊಂದು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕಕ್ಕೆ ಹೋಗಲಿ.